ಕಾರವಾರ, ಶಿರಸಿಯಿಂದ ಬೆಂಗಳೂರಿಗೆ: ದೂರ, ದಾರಿ ಮತ್ತು ಹಿಡಿಯುವ ಸಮಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಕರಾವಳಿ ಮತ್ತು ಘಟ್ಟದ ಮೇಲಿನ ಊರುಗಳಿಂದ ಬೆಂಗಳೂರಿಗೆ ಹೋಗಿಬರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕಿಲೋಮೀಟರ್ ಲೆಕ್ಕಗಳೆಲ್ಲ ಸುಮಾರಿನವು. ಹೊರಡುವ ಮನೆ ಮತ್ತು ತಲುಪುವ ಬಡಾವಣೆ ಬದಲಾದರೆ ಲೆಕ್ಕವೂ ಅಷ್ಟಿಷ್ಟು ಬದಲಾಗುತ್ತದೆ.

ಕಾರವಾರದಿಂದ ಬೆಂಗಳೂರಿಗೆ ಎಷ್ಟು ದೂರ?

ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಎರಡು ನಗರಗಳ ನಡುವಿನ ಅಂತರ ಸುಮಾರು 425 ಕಿಲೋಮೀಟರ್. ವಿಮಾನಯಾನದವರ ಲೆಕ್ಕದಲ್ಲಿ ಇದು ಹತ್ತಿರಹತ್ತಿರ 230 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ರಸ್ತೆಯಲ್ಲಿ ಹೋದರೆ ಹಿಡಿದ ದಾರಿಯನ್ನು ಅನುಸರಿಸಿ 530ರಿಂದ 575 ಕಿಲೋಮೀಟರ್ ಆಗುತ್ತದೆ. ಶಿರಸಿಯಿಂದಾದರೆ ನೇರ ಅಂತರ ಸುಮಾರು 350, ಹಾವೇರಿ ಮಾರ್ಗವಾಗಿ ರಸ್ತೆ ಸುಮಾರು 410 ಕಿಲೋಮೀಟರ್.

ನೇರ ಅಂತರಕ್ಕೂ ರಸ್ತೆಯ ಅಂತರಕ್ಕೂ ಇಷ್ಟು ವ್ಯತ್ಯಾಸ ಏಕೆ?

ನಡುವೆ ಸಹ್ಯಾದ್ರಿ ಇರುವುದರಿಂದ. ಕರಾವಳಿಯಿಂದ ಘಟ್ಟ ಏರಲು ನಮ್ಮ ಜಿಲ್ಲೆಯಲ್ಲಿ ಇರುವ ದಾರಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದರ ಬುಡಕ್ಕೆ ಹೋಗಿ ಸೇರಲು ಮೊದಲು ಸಮುದ್ರದ ಅಂಚಿನಲ್ಲೇ ದಕ್ಷಿಣಕ್ಕೆ ಸಾಗಬೇಕು. ಕಾರವಾರ ಮತ್ತು ಶಿರಸಿಯನ್ನೇ ನೋಡಿ: ನೇರ ಗೆರೆಯಲ್ಲಿ 80 ಕಿಲೋಮೀಟರ್ ಅಂತರದ ಈ ಎರಡು ಊರುಗಳ ನಡುವೆ ಅಂಕೋಲಾ, ಕುಮಟಾ ಸುತ್ತಿಕೊಂಡು ಹೋಗುವ ರಸ್ತೆ ಸುಮಾರು 120 ಕಿಲೋಮೀಟರ್ ಇದೆ, ಅಂದರೆ ಒಂದೂವರೆ ಪಟ್ಟು. ಒಮ್ಮೆ ಘಟ್ಟ ಏರಿ ಬಯಲುಸೀಮೆಯ ಕಡೆ ತಿರುಗಿದ ಮೇಲೆ ರಸ್ತೆ ನೆಟ್ಟಗಾಗುತ್ತದೆ. ಆದ್ದರಿಂದ ಬೆಂಗಳೂರಿನವರೆಗಿನ ಒಟ್ಟು ಲೆಕ್ಕದಲ್ಲಿ ಈ ಸುತ್ತು ಅಷ್ಟಾಗಿ ಎದ್ದು ಕಾಣುವುದಿಲ್ಲ.

ರಸ್ತೆಯಲ್ಲಿ ಹೋಗುವುದಾದರೆ ಯಾವ ದಾರಿ ಒಳ್ಳೆಯದು?

ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಕಾರವಾರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಮಟಾದವರೆಗೆ ಬಂದು, ಅಲ್ಲಿಂದ ದೇವಿಮನೆ ಘಟ್ಟ ಏರಿ ಶಿರಸಿ, ಹಾವೇರಿ ಮೂಲಕ ಹೆದ್ದಾರಿ 48ನ್ನು ಸೇರುವುದು. ಕಿಲೋಮೀಟರ್ ಲೆಕ್ಕದಲ್ಲಿ ಇದು ಚಿಕ್ಕ ದಾರಿಗಳಲ್ಲೊಂದು. ಎರಡನೆಯದು ಅಂಕೋಲಾದಲ್ಲಿ ಹೆದ್ದಾರಿ 52ಕ್ಕೆ ತಿರುಗಿ, ಅರಬೈಲ್ ಘಟ್ಟ ಏರಿ ಯಲ್ಲಾಪುರ ತಲುಪಿ, ಅಲ್ಲಿಂದ ನೇರವಾಗಿ ಹುಬ್ಬಳ್ಳಿಗೆ ಹೋಗುವುದು. ಹುಬ್ಬಳ್ಳಿಯಲ್ಲಿ ಕೆಲಸವಿಲ್ಲದವರು ಯಲ್ಲಾಪುರದಿಂದಲೇ ಮುಂಡಗೋಡದ ದಾರಿ ಹಿಡಿದು ಬಂಕಾಪುರದ ಹತ್ತಿರ ಹೆದ್ದಾರಿ 48ಕ್ಕೆ ಸೇರಿಕೊಂಡರೆ ಸುಮಾರು 40 ಕಿಲೋಮೀಟರ್ ಉಳಿಯುತ್ತದೆ. ಮೂರನೆಯದು ಹೊನ್ನಾವರದವರೆಗೂ ಕರಾವಳಿಯಲ್ಲೇ ಬಂದು, ಗೇರುಸೊಪ್ಪೆಯ ಮೇಲಿನ ಘಟ್ಟ ಹತ್ತಿ ಸಾಗರ, ಶಿವಮೊಗ್ಗ, ತರೀಕೆರೆ, ಅರಸೀಕೆರೆ, ತಿಪಟೂರು ಮಾರ್ಗವಾಗಿ ತುಮಕೂರು ಸೇರುವುದು. ಇದು ಹಳೆಯ ಹೆದ್ದಾರಿ 206. ಈಗ ಬಾಣಾವರದವರೆಗೆ ಹೆದ್ದಾರಿ 69, ಅಲ್ಲಿಂದ ತುಮಕೂರಿನವರೆಗೆ ಹೆದ್ದಾರಿ 73.

ಕಾರವಾರ ಮತ್ತು ಅಂಕೋಲಾದವರಿಗೆ ಅರಬೈಲ್ ದಾರಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ದೇವಿಮನೆ ಘಟ್ಟದ ರಸ್ತೆ ವರ್ಷಗಳಿಂದ ಅಗಲೀಕರಣದ ಕಾಮಗಾರಿಯಲ್ಲಿ ಸಿಕ್ಕಿಕೊಂಡಿದೆ. ಮುಗಿದ ಕಡೆಗಳಲ್ಲಿ ರಸ್ತೆ ಸೊಗಸಾಗಿದ್ದರೂ, ಉಳಿದ ಕಡೆಗಳಲ್ಲಿ ಒಂದು ಲಾರಿಯ ಹಿಂದೆ ಸಿಕ್ಕಿಬಿದ್ದರೆ ಅರ್ಧ ಗಂಟೆ ಹೋಯಿತೆಂದೇ ತಿಳಿಯಬೇಕು. ಅರಬೈಲ್‌ನಲ್ಲಿ ಲಾರಿಗಳ ದಟ್ಟಣೆ ಇನ್ನೂ ಹೆಚ್ಚು, ನಿಜ. ಆದರೆ ಅದು ಮೊದಲಿನಿಂದಲೂ ಭಾರೀ ವಾಹನಗಳ ಹೆದ್ದಾರಿಯಾದ್ದರಿಂದ ತಿರುವುಗಳು ಅಗಲವಾಗಿವೆ. ಕುಮಟಾದವರಿಗೆ ಮಾತ್ರ ಶಿರಸಿಯ ದಾರಿ ಬಿಟ್ಟು ಬೇರೆ ಯೋಚನೆ ಬೇಕಿಲ್ಲ.

ಕಾರಿನಲ್ಲಿ ಹೋದರೆ ಎಷ್ಟು ಹೊತ್ತು ಹಿಡಿಯುತ್ತದೆ?

ಕಾರವಾರದಿಂದ ಹತ್ತರಿಂದ ಹತ್ತೂವರೆ ಗಂಟೆ, ಶಿರಸಿಯಿಂದ ಏಳೂವರೆ ಗಂಟೆ ಎಂದು ಇಟ್ಟುಕೊಳ್ಳಬಹುದು. ಊಟ, ಚಹಾಕ್ಕೆ ನಿಲ್ಲುವುದೂ ಇದರಲ್ಲಿ ಸೇರಿದೆ. ಈ ಸಮಯ ದಾರಿಯುದ್ದಕ್ಕೂ ಒಂದೇ ಸಮನಾಗಿ ಹಂಚಿಕೆಯಾಗಿಲ್ಲ. ಶಿರಸಿ ಮಾರ್ಗವನ್ನೇ ತೆಗೆದುಕೊಂಡರೆ ಕಾರವಾರದಿಂದ ಹಾವೇರಿಯವರೆಗಿನ ಸುಮಾರು 200 ಕಿಲೋಮೀಟರಿಗೆ ನಾಲ್ಕೂವರೆ ಗಂಟೆ ಬೇಕು. ಹಾವೇರಿಯಿಂದ ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಬೆಂಗಳೂರು ಮುಟ್ಟುವ 335 ಕಿಲೋಮೀಟರಿಗೆ ಐದು ಗಂಟೆ ಸಾಕು. ಸಮುದ್ರ ಮಟ್ಟದ ಕುಮಟಾದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಏರುವ 60 ಕಿಲೋಮೀಟರ್ ಒಂದಕ್ಕೇ ಒಂದೂಮುಕ್ಕಾಲು ಗಂಟೆ ಹೋಗುತ್ತದೆ. ಹಾಗಾಗಿ "ಅರ್ಧ ದಾರಿ ಬಂದಿದ್ದೇವೆ" ಎಂದು ಚಿತ್ರದುರ್ಗದ ಮುಂಚೆ ಯಾರಾದರೂ ಹೇಳಿದರೆ ಅದು ಕಿಲೋಮೀಟರಿನ ಅರ್ಧವೇ ಹೊರತು ಸಮಯದ ಅರ್ಧವಲ್ಲ. ಸಮಯದ ಅರ್ಧ ಹಾವೇರಿ ದಾಟುವಷ್ಟರಲ್ಲೇ ಕಳೆದಿರುತ್ತದೆ.

ಬೆಂಗಳೂರಿನ ಬಾಗಿಲಲ್ಲಿ ಇನ್ನೊಂದು ಪರೀಕ್ಷೆ ಇದೆ. ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗಿನ ಕೆಲವೇ ಕಿಲೋಮೀಟರ್ ಬೆಳಗಿನ ಆರು ಗಂಟೆಗೆ ಇಪ್ಪತ್ತು ನಿಮಿಷದ ಹಾದಿ, ಭಾನುವಾರ ಸಂಜೆ ಊರಿಂದ ಎಲ್ಲರೂ ಮರಳುವ ಹೊತ್ತಿಗೆ ಒಂದೂವರೆ ಗಂಟೆಯ ಹಾದಿ.

ಮೊಬೈಲಿನ ನಕ್ಷೆ ತೋರಿಸುವ ಸಮಯವನ್ನು ನಂಬಬಹುದೇ?

ಹೆದ್ದಾರಿ 48ರಲ್ಲಿ ನಂಬಬಹುದು. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವುದರಿಂದ ಅಲ್ಲಿನ ವಾಹನಗಳ ಓಟದ ಮಾಹಿತಿ ನಕ್ಷೆಗೆ ಸರಿಯಾಗಿ ಸಿಗುವುದಿಲ್ಲ. ಲಾರಿ ಕೆಟ್ಟು ನಿಂತ ಸುದ್ದಿ ತಲುಪುವುದೂ ತಡ. ನಕ್ಷೆ ಹೇಳಿದ ಸಮಯಕ್ಕೆ ಘಟ್ಟವೊಂದಕ್ಕೆ ಅರ್ಧ ಗಂಟೆ ಸೇರಿಸಿಕೊಳ್ಳಿ. ಇನ್ನೊಂದು ಮಾತು: ಐದು ನಿಮಿಷ ಉಳಿಯುತ್ತದೆಂದು ನಕ್ಷೆ ಕಾಡಿನೊಳಗಿನ ಕಿರುದಾರಿ ತೋರಿಸಿದರೆ, ಅದರಲ್ಲೂ ಕತ್ತಲಾದ ಮೇಲೆ, ಆ ಕಡೆ ತಿರುಗಬೇಡಿ.

ಬಸ್ಸಿನಲ್ಲಿ?

ಕಾರವಾರದಿಂದ ಹನ್ನೊಂದರಿಂದ ಹನ್ನೆರಡು ಗಂಟೆ, ಶಿರಸಿಯಿಂದ ಎಂಟೂವರೆಯಿಂದ ಒಂಬತ್ತು ಗಂಟೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳೂ ಖಾಸಗಿ ಸ್ಲೀಪರ್ ಬಸ್ಸುಗಳೂ ಬಹುತೇಕ ರಾತ್ರಿ ಸಂಚರಿಸುತ್ತವೆ. ಟಿಕೆಟ್ ಮಾಡಿಸುವಾಗ ಬಸ್ಸು ಹುಬ್ಬಳ್ಳಿಯ ಮೇಲೆ ಹೋಗುತ್ತದೆಯೋ ಶಿರಸಿಯ ಮೇಲೆ ಹೋಗುತ್ತದೆಯೋ ಎಂದು ಕೇಳಿಕೊಳ್ಳಬೇಕು, ಏಕೆಂದರೆ ಹುಬ್ಬಳ್ಳಿಯ ಸುತ್ತು ಒಂದು ಗಂಟೆಯನ್ನು ಸುಲಭವಾಗಿ ನುಂಗುತ್ತದೆ.

ಕಾರವಾರದಲ್ಲಿ ವಿಮಾನ ನಿಲ್ದಾಣ ಇಲ್ಲವೇ?

ನಾಗರಿಕ ವಿಮಾನ ನಿಲ್ದಾಣವಿಲ್ಲ. ಅರಗಾದಲ್ಲಿರುವ ಐಎನ್‌ಎಸ್ ಕದಂಬ ನೌಕಾನೆಲೆಯ ಸೀಬರ್ಡ್ ಯೋಜನೆಯ ಮುಂದುವರಿದ ಭಾಗವಾಗಿ ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣ ನಿರ್ಮಿಸಿ, ಅದಕ್ಕೆ ಸೇರಿಕೊಂಡಂತೆ ಸಾರ್ವಜನಿಕರ ಟರ್ಮಿನಲ್ ಒದಗಿಸುವ ಯೋಜನೆ ಇದೆ. ಇಂದಿನ ಟಿಕೆಟ್ ಲೆಕ್ಕಕ್ಕೆ ಅದರಿಂದ ಪ್ರಯೋಜನವಿಲ್ಲ.

ಹಾಗಾದರೆ ಹತ್ತಿರದ ವಿಮಾನ ನಿಲ್ದಾಣ ಯಾವುದು?

ಕಾರವಾರದವರಿಗೆ ಗೋವಾದ ದಾಬೋಲಿಂ, ಸುಮಾರು 90 ಕಿಲೋಮೀಟರ್. ಮಾಜಾಳಿಯ ತಪಾಸಣಾ ಠಾಣೆ ದಾಟಿ, ಪೋಳೆಂ, ಕಾಣಕೋಣ, ಕರ್ಮಲ್ ಘಟ್ಟ, ಮಡಗಾಂವ ಮೂಲಕ ಹೋಗಲು ಎರಡರಿಂದ ಎರಡೂಕಾಲು ಗಂಟೆ ಬೇಕು. 2019ರಲ್ಲಿ ಕಾಣಕೋಣದ ಬೈಪಾಸ್ ತೆರೆದ ಮೇಲೆ ಊರೊಳಗಿನ ಸುತ್ತು ತಪ್ಪಿದೆ. ಕರ್ಮಲ್ ಘಟ್ಟದ ಇಕ್ಕಟ್ಟು ಹಾಗೆಯೇ ಉಳಿದಿದೆ.

ಇಲ್ಲಿ ಬಹಳ ಎಚ್ಚರ ಬೇಕಾದ ಒಂದು ವಿಷಯವಿದೆ. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. ದಕ್ಷಿಣದ ದಾಬೋಲಿಂ ನೌಕಾಪಡೆಯ ನೆಲೆಯೊಳಗಿನ ಹಳೆಯ ನಿಲ್ದಾಣ. ಉತ್ತರದ ತುದಿಯಲ್ಲಿ, ಪೆಡ್ನೆ ತಾಲ್ಲೂಕಿನ ಮೋಪಾದಲ್ಲಿರುವ ಮನೋಹರ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಹಾರಾಟ ಶುರುವಾದದ್ದು 2023ರ ಜನವರಿಯಲ್ಲಿ. ಟಿಕೆಟ್ ಹುಡುಕುವಾಗ ಬರೀ "ಗೋವಾ" ಎಂದು ಹಾಕಿದರೆ ಎರಡರ ವಿಮಾನಗಳೂ ಒಟ್ಟಿಗೆ ಬರುತ್ತವೆ. ಬೆಲೆ ಕಡಿಮೆ ಇದ್ದದ್ದನ್ನು ಒತ್ತಿಬಿಟ್ಟು, ಹೊರಡುವ ದಿನ ದಾಬೋಲಿಂ ಬಾಗಿಲಲ್ಲಿ ನಿಂತವರ ಕಥೆ ನಮ್ಮ ಕಡೆ ಸಾಕಷ್ಟಿದೆ. ಟಿಕೆಟಿನ ಮೇಲಿನ ಸಂಕೇತ ನೋಡಬೇಕು: ದಾಬೋಲಿಂ ಆದರೆ ಜಿಓಐ, ಮೋಪಾ ಆದರೆ ಜಿಓಎಕ್ಸ್. ಕಾರವಾರದಿಂದ ಮೋಪಾಕ್ಕೆ ಸುಮಾರು 130 ಕಿಲೋಮೀಟರ್. ಮಡಗಾಂವದಿಂದ ಜುವಾರಿ ಸೇತುವೆ, ಪಣಜಿ, ಮಾಂಡೋವಿ ಸೇತುವೆಗಳನ್ನು ದಾಟಿ ಹೋಗಬೇಕಾದ್ದರಿಂದ ಮೂರರಿಂದ ಮೂರೂವರೆ ಗಂಟೆ ಇಟ್ಟುಕೊಳ್ಳಬೇಕು.

ಇನ್ನುಳಿದಂತೆ ಹುಬ್ಬಳ್ಳಿ ಕಾರವಾರದಿಂದ ಸುಮಾರು 165 ಕಿಲೋಮೀಟರ್, ಮಂಗಳೂರಿನ ಬಜ್ಪೆ ಸುಮಾರು 270. ಕಾರವಾರದವರು ಬೆಂಗಳೂರಿನ ವಿಮಾನ ಹಿಡಿಯಲು ಮಂಗಳೂರಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ಹಾರಾಟ ಎಷ್ಟು ಹೊತ್ತಿನದು? ದೂರ ಕಡಿಮೆಯಿದ್ದರೂ ಹುಬ್ಬಳ್ಳಿಯ ವಿಮಾನಕ್ಕೆ ಗೋವಾದಷ್ಟೇ ಹೊತ್ತು ಏಕೆ?

ಬೆಂಗಳೂರಿನಿಂದ ದಾಬೋಲಿಂ ನೇರ ಅಂತರ ಸುಮಾರು 485 ಕಿಲೋಮೀಟರ್, ಹುಬ್ಬಳ್ಳಿ ಸುಮಾರು 370. ಎರಡಕ್ಕೂ ಟಿಕೆಟಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು ಬರೆದಿರುತ್ತದೆ. ಇದಕ್ಕೆ ಎರಡು ಕಾರಣಗಳಿವೆ. ಚಿಕ್ಕ ನಿಲ್ದಾಣಗಳಿಗೆ ಹೆಚ್ಚಾಗಿ ಓಡುವುದು ರೆಕ್ಕೆಗೆ ಪಂಖ ಕಟ್ಟಿದ ಎಟಿಆರ್ ವಿಮಾನ, ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಗೋವಾಕ್ಕೆ ಹಾರುವ ಜೆಟ್ ವಿಮಾನದ ವೇಗ 800ಕ್ಕೂ ಹೆಚ್ಚು. ಎರಡನೆಯದಾಗಿ, ಟಿಕೆಟಿನಲ್ಲಿ ಇರುವುದು ಬರೀ ಆಕಾಶದಲ್ಲಿ ಕಳೆಯುವ ಸಮಯವಲ್ಲ. ವಿಮಾನ ತನ್ನ ಜಾಗ ಬಿಟ್ಟು ಅಲುಗಿದ ಕ್ಷಣದಿಂದ, ರನ್‌ವೇಯ ತನಕ ನಿಧಾನವಾಗಿ ಸಾಗಿ, ಸರದಿ ಕಾದು, ಹಾರಿ, ಇಳಿದು, ಮತ್ತೊಂದು ಊರಿನ ತಂಗುಜಾಗದಲ್ಲಿ ನಿಲ್ಲುವ ತನಕದ ಇಡೀ ಅವಧಿ ಅದು. ದೂರ ಕಡಿಮೆಯಾದಷ್ಟೂ ಅದರಲ್ಲಿ ನೆಲದ ಮೇಲಿನ ಪಾಲು ದೊಡ್ಡದಾಗಿ ಕಾಣುತ್ತದೆ.

ವಿಮಾನದಲ್ಲಿ ಹೋದರೆ ನಿಜವಾಗಿ ಎಷ್ಟು ಸಮಯ ಉಳಿಯುತ್ತದೆ?

ಟಿಕೆಟ್ ನೋಡಿ ಲೆಕ್ಕ ಹಾಕಿದರೆ ಒಂಬತ್ತು ಗಂಟೆ ಉಳಿದಂತೆ ಕಾಣುತ್ತದೆ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿದರೆ ಎರಡರಿಂದ ಎರಡೂವರೆ ಗಂಟೆ. ಒಂದು ಉದಾಹರಣೆ ಬಿಡಿಸಿ ನೋಡೋಣ. ಕಾರವಾರದ ಕೋಡಿಬಾಗದ ಮನೆಯಿಂದ ಬೆಂಗಳೂರಿನ ಜಯನಗರಕ್ಕೆ ಹೊರಟವರ ವಿಮಾನ ದಾಬೋಲಿಂನಿಂದ ಮಧ್ಯಾಹ್ನ 3ಕ್ಕೆ ಇದೆ ಎಂದುಕೊಳ್ಳಿ. ಬೆಳಿಗ್ಗೆ 10.30ಕ್ಕೆ ಮನೆ ಬಿಟ್ಟರೆ 12.45ಕ್ಕೆ ದಾಬೋಲಿಂ. ಬಹುತೇಕ ಸಂಸ್ಥೆಗಳು ದೇಶದೊಳಗಿನ ವಿಮಾನಕ್ಕೆ ಹೊರಡುವ 60 ನಿಮಿಷ ಮೊದಲೇ ಚೆಕ್-ಇನ್ ಮುಚ್ಚುತ್ತವೆ, ಆದ್ದರಿಂದ ಕೈಯಲ್ಲಿ ಉಳಿದ ಎರಡೂಕಾಲು ಗಂಟೆಯಲ್ಲಿ ವ್ಯರ್ಥವಾದದ್ದು ಒಂದೂಕಾಲು ಗಂಟೆ, ಅದೂ ರಸ್ತೆಯಲ್ಲಿ ಏನಾದರೂ ಆದೀತೆಂಬ ಭಯಕ್ಕೆ ಕಟ್ಟಿದ ಬೆಲೆ. 4.20ಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣ, ಬ್ಯಾಗು ಕೈಗೆ ಬಂದು ಹೊರಬೀಳುವಾಗ 4.50. ಅಲ್ಲಿಂದ ಜಯನಗರ 45 ಕಿಲೋಮೀಟರ್ ಆಸುಪಾಸು. ಹೆಬ್ಬಾಳದ ಸಂಜೆಯ ದಟ್ಟಣೆ ದಾಟಿ ಮನೆ ಸೇರುವಾಗ 6.30. ಒಟ್ಟು ಎಂಟು ಗಂಟೆ. ಅದೇ 10.30ಕ್ಕೆ ಕಾರಿನಲ್ಲಿ ಹೊರಟಿದ್ದರೆ ರಾತ್ರಿ ಒಂಬತ್ತರ ಸುಮಾರಿಗೆ ಅದೇ ಮನೆಯಲ್ಲಿರುತ್ತಿದ್ದರು.

ತಲುಪಬೇಕಾದ ಬಡಾವಣೆ ಯಾವುದು ಎಂಬುದರ ಮೇಲೆ ಈ ಲೆಕ್ಕ ತಲೆಕೆಳಗಾಗಬಹುದು. ಊರ ಕಡೆಯ ರಸ್ತೆ ಬೆಂಗಳೂರನ್ನು ಪ್ರವೇಶಿಸುವುದು ತುಮಕೂರು ರಸ್ತೆಯಿಂದ. ದಾಸರಹಳ್ಳಿ, ಪೀಣ್ಯ, ಯಶವಂತಪುರ, ರಾಜಾಜಿನಗರದಲ್ಲಿ ಮನೆ ಇರುವವರಿಗೆ ವಿಮಾನದಿಂದ ಆಗುವ ಉಳಿತಾಯ ಒಂದು ಗಂಟೆಗೆ ಇಳಿಯುತ್ತದೆ. ಯಲಹಂಕ, ಹೆಬ್ಬಾಳ, ದೇವನಹಳ್ಳಿ ಕಡೆಯವರಿಗೆ ಅದು ಮೂರು ಗಂಟೆ ದಾಟುತ್ತದೆ. ಟ್ಯಾಕ್ಸಿಗೆ ಬದಲಾಗಿ ವಿಮಾನ ನಿಲ್ದಾಣದ ವಾಯು ವಜ್ರ ಬಸ್ಸು ಹತ್ತುವವರು ಇನ್ನರ್ಧ ಗಂಟೆ ಸೇರಿಸಿಕೊಳ್ಳಬೇಕು.

ನಿಜವಾಗಿ ನೋಡಿದರೆ ವಿಮಾನದ ಪೈಪೋಟಿ ಇರುವುದು ಕಾರಿನ ಜೊತೆಗಲ್ಲ, ರಾತ್ರಿ ಬಸ್ಸಿನ ಜೊತೆಗೆ. ಬಸ್ಸು ಹನ್ನೊಂದು ಗಂಟೆ ತೆಗೆದುಕೊಂಡರೂ ಅದರಲ್ಲಿ ಕೆಲಸದ ಹೊತ್ತು ಒಂದು ಗಂಟೆಯೂ ಇಲ್ಲ. ವಿಮಾನದ ಎಂಟು ಗಂಟೆ ಹಗಲಿನ ಎಂಟು ಗಂಟೆ. ಮಲಗಿ ಪ್ರಯಾಣ ಮಾಡಬಲ್ಲವರಿಗೆ, ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸದವರಿಗೆ ವಿಮಾನ ಸಮಯ ಉಳಿಸುತ್ತದೆಂದು ಹೇಳುವುದು ಕಷ್ಟ. ವಯಸ್ಸಾದವರಿಗೆ, ಬೆನ್ನುನೋವು ಇರುವವರಿಗೆ, ಚಿಕಿತ್ಸೆಗೆಂದು ಹೋಗುವವರಿಗೆ ವಿಮಾನವೇ ಸರಿ, ಅಲ್ಲಿ ಗಂಟೆಯ ಲೆಕ್ಕ ಮುಖ್ಯವಲ್ಲ.

ಶಿರಸಿಯವರಿಗೆ ಯಾವ ವಿಮಾನ ನಿಲ್ದಾಣ ಅನುಕೂಲ?

ಹುಬ್ಬಳ್ಳಿ, ಸುಮಾರು 100 ಕಿಲೋಮೀಟರ್. 2023ರ ಆಗಸ್ಟ್ 31ರಂದು ಹಾರಾಟ ಆರಂಭವಾದ ಶಿವಮೊಗ್ಗದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಇನ್ನೊಂದು ಆಯ್ಕೆ. ಆದರೆ ಅದು ಶಿವಮೊಗ್ಗ ದಾಟಿ ಸೋಗಾನೆಯಲ್ಲಿರುವುದರಿಂದ ಸಿದ್ದಾಪುರ, ಸಾಗರ ಮಾರ್ಗವಾಗಿ 150 ಕಿಲೋಮೀಟರಿನಷ್ಟು ಹೋಗಬೇಕು. ಅಷ್ಟು ಹೋದವರು ಇನ್ನು ನಾಲ್ಕೈದು ಗಂಟೆಯಲ್ಲಿ ಬೆಂಗಳೂರಿನಲ್ಲೇ ಇರುತ್ತಾರೆ.

ಹುಬ್ಬಳ್ಳಿಯ ಲೆಕ್ಕವೂ ಅಷ್ಟೇನೂ ಲಾಭದಾಯಕವಲ್ಲ. ಮನೆಯಿಂದ ಹುಬ್ಬಳ್ಳಿಗೆ ಎರಡೂಕಾಲು ಗಂಟೆ, ಅಲ್ಲಿ ಒಂದೂಕಾಲು ಗಂಟೆ ಕಾಯುವುದು, ಒಂದೂಕಾಲು ಗಂಟೆ ಹಾರಾಟ, ಹೊರಬರಲು ಅರ್ಧ ಗಂಟೆ, ಬೆಂಗಳೂರಿನೊಳಗೆ ಒಂದೂವರೆ ಗಂಟೆ: ಎಲ್ಲ ಸೇರಿ ಆರೂಮುಕ್ಕಾಲು. ಕಾರಿನಲ್ಲಿ ಏಳೂವರೆ. ಮುಕ್ಕಾಲು ಗಂಟೆಗಾಗಿ ಇಷ್ಟು ಕಡೆ ಹತ್ತಿ ಇಳಿಯುವುದು ಬೇಡವೆಂದು ಶಿರಸಿ, ಸಿದ್ದಾಪುರದ ಬಹಳಷ್ಟು ಜನ ರಾತ್ರಿ ಬಸ್ಸಿಗೇ ಅಂಟಿಕೊಂಡಿರುವುದು ಸರಿಯಾಗಿಯೇ ಇದೆ. ಬೆಂಗಳೂರಿನಿಂದ ಮುಂದೆ ದೆಹಲಿಗೋ ವಿದೇಶಕ್ಕೋ ಹೋಗುವವರ ಮಾತು ಬೇರೆ. ಹುಬ್ಬಳ್ಳಿಯಲ್ಲಿ ಕೊಟ್ಟ ಬ್ಯಾಗು ಒಂದೇ ಟಿಕೆಟ್ ಆಗಿದ್ದರೆ ನೇರ ಕೊನೆಯ ಊರಿಗೆ ಹೋಗುವುದರಿಂದ ಅವರಿಗೆ ಹುಬ್ಬಳ್ಳಿಯೇ ಹಿತ.

ಹೊನ್ನಾವರ, ಭಟ್ಕಳದವರು ಏನು ಮಾಡಬೇಕು?

ಹೊನ್ನಾವರ ವಿಚಿತ್ರ ಜಾಗದಲ್ಲಿದೆ: ದಾಬೋಲಿಂ, ಬಜ್ಪೆ, ಸೋಗಾನೆ ಮೂರೂ ಅಲ್ಲಿಂದ ಹೆಚ್ಚುಕಡಿಮೆ 175ರಿಂದ 185 ಕಿಲೋಮೀಟರ್. ಶಿವಮೊಗ್ಗ ಮಾರ್ಗವಾಗಿ ಬೆಂಗಳೂರೇ ಸುಮಾರು 440 ಕಿಲೋಮೀಟರ್ ಇರುವಾಗ ರಸ್ತೆಯೇ ಸುಲಭ. ಭಟ್ಕಳದಿಂದ ಬಜ್ಪೆಗೆ ಸುಮಾರು 140 ಕಿಲೋಮೀಟರ್, ಅದೂ ಹೆಚ್ಚಿನಂಶ ಚತುಷ್ಪಥ. ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ಭಟ್ಕಳದವರಿಗೆ ಆ ದಾರಿ ಅಂಗೈ ರೇಖೆಯಷ್ಟು ಪರಿಚಿತ.

ಮಳೆಗಾಲದಲ್ಲಿ ಎಷ್ಟು ಹೆಚ್ಚು ಸಮಯ ಇಟ್ಟುಕೊಳ್ಳಬೇಕು?

ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ಘಟ್ಟದ ಭಾಗಕ್ಕೆ ಕನಿಷ್ಠ ಒಂದು ಗಂಟೆ. ಆದರೆ ಇಲ್ಲಿ ತಡವಾಗುವುದಕ್ಕಿಂತ ದಾರಿಯೇ ಮುಚ್ಚಿಹೋಗುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2021ರ ಜುಲೈ ನೆರೆಯಲ್ಲಿ ಗಂಗಾವಳಿ ನದಿಯ ಗುಳ್ಳಾಪುರ ಸೇತುವೆ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲಿದ್ದ ಚಹಾದಂಗಡಿ, ಲಾರಿ, ಜನ ಎಲ್ಲವನ್ನೂ ಗಂಗಾವಳಿಗೆ ತಳ್ಳಿತು. ಹೆದ್ದಾರಿ ಹಲವು ದಿನ ಮುಚ್ಚಿತ್ತು. ಅದಾಗಿ ಒಂದು ತಿಂಗಳೂ ಆಗದೆ, ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕನ ಜೀವ ಉಳಿಯಿತು. ದಾಬೋಲಿಂ ಕಡೆಯ ಸಂಚಾರ ಅಂದಿನಿಂದ ಪಕ್ಕದ ಹೊಸ ಸೇತುವೆಯ ಮೇಲೆ ಎರಡೂ ದಿಕ್ಕಿಗೆ ನಡೆಯಬೇಕಾಯಿತು.

ಶಿರಸಿ ಕುಮಟಾ ರಸ್ತೆಯಲ್ಲಿ ಘಟ್ಟಕ್ಕಿಂತ ಮೊದಲೇ ತೊಂದರೆ ಶುರುವಾಗಬಹುದು. ಕತಗಾಲದ ಬಳಿ ಚಂಡಿಕಾ ಹೊಳೆ ಉಕ್ಕಿದರೆ ರಸ್ತೆಯ ಮೇಲೇ ನೀರು. ಕೆಂಪಗೆ ಮಣ್ಣು ಕಲಸಿದ ನೀರಿನಲ್ಲಿ ಡಾಂಬರಿನ ಅಂಚು ಎಲ್ಲಿ ಮುಗಿಯಿತು, ಗದ್ದೆ ಎಲ್ಲಿ ಶುರುವಾಯಿತು ಎಂಬುದೇ ಕಾಣದೆ, ಎರಡೂ ದಂಡೆಯಲ್ಲಿ ಬಸ್ಸುಗಳು ಎಂಜಿನ್ ಆರಿಸಿ ಸಾಲಾಗಿ ನಿಂತಿರುತ್ತವೆ. ಅದು ಇಳಿದ ಮೇಲೆ ದೇವಿಮನೆಯ ಹತ್ತಿರ ಹಾಡುಹಗಲೇ ದೀಪ ಹಾಕಿಕೊಂಡು ಹೋಗಬೇಕಾದ ಮಂಜು. ಘಟ್ಟಗಳಲ್ಲಿ ಭಾರೀ ವಾಹನಗಳನ್ನು ನಿರ್ಬಂಧಿಸಿ ಜಿಲ್ಲಾಡಳಿತ ಆದೇಶ ಹೊರಡಿಸುವುದು ಈ ತಿಂಗಳುಗಳಲ್ಲೇ. ಹೊರಡುವ ಮುನ್ನ ಆ ಆದೇಶವನ್ನೂ ಬಸ್ ನಿಲ್ದಾಣದ ಕಂಟ್ರೋಲರ್ ಮಾತನ್ನೂ ಕೇಳಿಕೊಳ್ಳುವುದು ಕ್ಷೇಮ.

ವಿಮಾನಕ್ಕೂ ಮಳೆಗಾಲದ ಕಾಟವಿದೆ. ಮೋಡ ಕೆಳಗಿಳಿದು ರನ್‌ವೇ ಕಾಣದಾದರೆ ವಿಮಾನ ಸುತ್ತು ಹೊಡೆದು, ಕೆಲವೊಮ್ಮೆ ಬೇರೆ ಊರಿಗೆ ತಿರುಗುತ್ತದೆ. ವಾಪಸಿನ ದಾರಿಯಲ್ಲಿ ಹೀಗಾದರೆ ನಿಲ್ದಾಣದ ಹೊರಗೆ ಕಾಯುತ್ತಿರುವ ಊರಿನ ಕಾರಿನವರಿಗೆ ತಿಳಿಸಲು ಅವರ ನಂಬರನ್ನು ಕೈಯಲ್ಲಿಟ್ಟುಕೊಳ್ಳಿ.

ರೈಲು ಇದೆಯಲ್ಲ?

ಇದೆ. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಮರುದಿನ ಬೆಳಿಗ್ಗೆ ತಲುಪಿಸುತ್ತದೆ. ಹಾಸನ, ಸಕಲೇಶಪುರ ದಾಟಿ, ಸುಬ್ರಹ್ಮಣ್ಯ ರಸ್ತೆಯ ತನಕದ ಕಡಿದಾದ ಘಟ್ಟವನ್ನು ನಿಧಾನವಾಗಿ ಇಳಿದು, ಮಂಗಳೂರಿನ ಹೊರವಲಯ, ಉಡುಪಿ ಮೂಲಕ ಬರುವುದರಿಂದ ಹಳಿಯ ದೂರ ರಸ್ತೆಗಿಂತ ಹೆಚ್ಚು, ಹೊತ್ತು ಹದಿಮೂರು ಗಂಟೆಯ ಮೇಲೆ. ಕಾರವಾರದ ನಿಲ್ದಾಣ ಇರುವುದು ಊರ ಹೊರಗಿನ ಶಿರವಾಡದಲ್ಲಿ. ಶಿರಸಿಗೆ ರೈಲಿಲ್ಲ, ಅಲ್ಲಿನವರು ತಾಳಗುಪ್ಪ ಅಥವಾ ಹಾವೇರಿಯಲ್ಲಿ ಹತ್ತುತ್ತಾರೆ.

ದಾರಿಯಲ್ಲಿ ಟೋಲ್ ಎಷ್ಟು ಕಡೆ ಸಿಗುತ್ತದೆ?

ಕರಾವಳಿಯಲ್ಲಿ ಅಂಕೋಲಾ ತಾಲ್ಲೂಕಿನ ಹಟ್ಟಿಕೇರಿ, ಕುಮಟಾ ಮತ್ತು ಹೊನ್ನಾವರದ ನಡುವೆ ಹೊಳೆಗದ್ದೆ. ಶಿರಸಿಗೆ ತಿರುಗುವವರಿಗೆ ಎರಡನೆಯದು ಸಿಗುವುದಿಲ್ಲ. ಅವರಿಗೆ ಸಿಗುವ ಉಳಿದವೆಲ್ಲ ಹೆದ್ದಾರಿ 48ರ ಮೇಲಿನವು.

ಬೆಂಗಳೂರಿನ ವಿಮಾನ ನಿಲ್ದಾಣಕ್ಕೇ ರಸ್ತೆಯಲ್ಲಿ ಹೋಗಬೇಕಾದರೆ ಊರೊಳಗೆ ಹೋಗಲೇಬೇಕೇ?

ಬೇಕಾಗಿಲ್ಲ. ವಿದೇಶಕ್ಕೆ ಹೊರಟ ಮಕ್ಕಳನ್ನು ಕಳಿಸಲು ಊರಿನಿಂದ ನೇರ ದೇವನಹಳ್ಳಿಗೆ ಹೋಗುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿರುವುದರಿಂದ ಈ ಪ್ರಶ್ನೆ ಈಚೆಗೆ ಪದೇ ಪದೇ ಬರುತ್ತಿದೆ. ತುಮಕೂರು ದಾಟಿದ ಮೇಲೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಗೆ ಹೋಗುವ ಹೊಸ ವರ್ತುಲ ರಸ್ತೆ ಹಿಡಿದರೆ ನೆಲಮಂಗಲ, ಹೆಬ್ಬಾಳ ಎರಡೂ ತಪ್ಪುತ್ತವೆ. ಶಿರಸಿಯಿಂದ ಹೊರಟವರು ಅಂತಾರಾಷ್ಟ್ರೀಯ ವಿಮಾನ ಹೊರಡುವ ಹನ್ನೆರಡು ಗಂಟೆ ಮೊದಲು, ಕಾರವಾರದವರು ಹದಿನೈದು ಗಂಟೆ ಮೊದಲು ಮನೆ ಬಿಟ್ಟರೆ, ಮೂರು ಗಂಟೆ ಮುಂಚಿತವಾಗಿ ನಿಲ್ದಾಣ ಸೇರಿ, ದಾರಿಯಲ್ಲಿ ಟೈರ್ ಪಂಕ್ಚರ್ ಆದರೂ ಸುಧಾರಿಸಿಕೊಳ್ಳಬಹುದು. ಮಳೆಗಾಲವಾದರೆ ಹಿಂದಿನ ದಿನವೇ ಘಟ್ಟ ಏರಿ ಹಾವೇರಿಯಲ್ಲೋ ದಾವಣಗೆರೆಯಲ್ಲೋ ತಂಗುವುದು ಮೇಲು.